ಫರ್‌ಮಾರ್ಕ್ ಆರಾಮಾಗಿ ಓಡುತ್ತದೆ, ಗೇಮ್ ಶುರು ಮಾಡಿದರೆ ಪಿಸಿ ಆಫ್! 650 ವ್ಯಾಟ್ ಪಿಎಸ್‌ಯು ಸಾಕಾ, ಸಾಲದಾ?

ಬೂಟಾಗದ_ಭೂಪ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಕೂತಿದ್ದೇನೆ, ಸ್ವಲ್ಪ ದಾರಿ ತೋರಿಸಿ.

ನನ್ನ ಪಿಸಿ: ರೈಝೆನ್ 7 5800ಎಕ್ಸ್ ಸಿಪಿಯು, 32 ಜಿಬಿ ರ‍್ಯಾಮ್, ಎರಡು ಎಸ್‌ಎಸ್‌ಡಿ, ಐದು ಫ್ಯಾನ್. ಮೊದಲು ಆರ್‌ಟಿಎಕ್ಸ್ 2060 ಗ್ರಾಫಿಕ್ಸ್ ಕಾರ್ಡ್ ಇತ್ತು, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈಗ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3080 ಹಾಕಿದ್ದೇನೆ. ಪಿಎಸ್‌ಯು (ಪಿಸಿಗೆ ಪವರ್ ಕೊಡುವ ಡಬ್ಬ) ಹಳೆಯದೇ, 650 ವ್ಯಾಟ್, ದಕ್ಷತೆಯಲ್ಲಿ 80 ಪ್ಲಸ್ ಗೋಲ್ಡ್ ದರ್ಜೆ.

ತೊಂದರೆ ಏನೆಂದರೆ, ಗೇಮ್ ಆಡುವಾಗ ಇದ್ದಕ್ಕಿದ್ದಂತೆ ಪಿಸಿ ಪೂರ್ತಿ ಆಫ್. ಹೆಚ್ಚಾಗಿ ಲೋಡಿಂಗ್ ಸ್ಕ್ರೀನ್ ಮುಗಿದು ಆಟ ಶುರುವಾಗುವ ಹೊತ್ತಿಗೇ ಆಗುತ್ತದೆ. ಆದರೆ ಕಾರ್ಡ್‌ಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ಸಾಫ್ಟ್‌ವೇರ್ ಹಾಕಿ ಬಿಟ್ಟರೆ ಎಷ್ಟು ಹೊತ್ತಾದರೂ ಏನೂ ಆಗುವುದಿಲ್ಲ!

ಪ್ಲಗ್ ಪಾಯಿಂಟ್‌ಗೆ ವ್ಯಾಟ್ ಮೀಟರ್ ಹಾಕಿ ನೋಡಿದೆ. ಗೇಮ್‌ನಲ್ಲಿ 490, 500ರ ಆಸುಪಾಸು. ಫರ್‌ಮಾರ್ಕ್‌ನಲ್ಲಿ 440. ಜಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ಕಾರ್ಡ್ 318 ವ್ಯಾಟ್ ಎನ್ನುತ್ತದೆ. 650ರಲ್ಲಿ ಇನ್ನೂ 150 ಉಳಿದಿದೆ ಅಲ್ವಾ? ಮೀಟರ್ ಸರಿ ಇಲ್ಲವಾ, ಪಿಎಸ್‌ಯು ಹೋಗಿದೆಯಾ, ಇಲ್ಲ ಕಾರ್ಡೇ ಕೆಟ್ಟಿದೆಯಾ?

ಶಾರ್ಟ್_ಸರ್ಕ್ಯೂಟ್
850 ತಗೊಳ್ಳಿ. ಮುಗೀತು.

ಕೇಬಲ್_ಕಮಲಿ
ಏನೂ ಕೇಳದೆ 850 ಅಂದರೆ ಹೇಗೆ ಗುರು? ಕಾರ್ಡ್ ಕೆಟ್ಟಿದ್ದರೆ 850 ಹಾಕಿದ ಮೇಲೂ ಆಫ್ ಆಗುತ್ತದೆ.

ಭೂಪ ಅವರೇ, ಆಫ್ ಆದ ಮೇಲೆ ಏನಾಗುತ್ತದೆ ಅಂತ ಸರಿಯಾಗಿ ಹೇಳಿ. ತಾನಾಗಿಯೇ ರೀಸ್ಟಾರ್ಟ್ ಆಗುತ್ತದಾ? ಪವರ್ ಬಟನ್ ಒತ್ತಿದರೆ ಆನ್ ಆಗುತ್ತದಾ? ಇಲ್ಲ, ಸ್ಕ್ರೀನ್ ಮಾತ್ರ ಕಪ್ಪಾಗಿ ಕಾರ್ಡ್‌ನ ಫ್ಯಾನ್ ಜೋರಾಗಿ ತಿರುಗುತ್ತದಾ? ಮೂರೂ ಬೇರೆ ಬೇರೆ ಕಾಯಿಲೆ.

ಬೂಟಾಗದ_ಭೂಪ
ಪೂರ್ತಿ ಸತ್ತಂತೆ ಆಗುತ್ತದೆ ಮೇಡಂ. ಬಟನ್ ಒತ್ತಿದರೂ ಏನೂ ಇಲ್ಲ. ಹಿಂದೆ ಪಿಎಸ್‌ಯು ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ ಏಳುತ್ತದೆ. ವಿಂಡೋಸ್ ಲಾಗ್‌ನಲ್ಲಿ ಕರ್ನಲ್-ಪವರ್ 41 ಅಂತಿದೆ.

ಕೇಬಲ್_ಕಮಲಿ
41 ಮರೆತುಬಿಡಿ. ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಅದರ ಅರ್ಥ. ಪ್ಲಗ್ ಕಿತ್ತರೂ ಅದೇ ಬರುತ್ತದೆ.

ಆದರೆ ಹಿಂದಿನ ಸ್ವಿಚ್ ಆಫ್ ಆನ್ ಮಾಡುವ ತನಕ ಏಳುವುದಿಲ್ಲ ಅಂದಿರಲ್ಲ, ಅದು ದೊಡ್ಡ ಸುಳಿವು. ಪಿಎಸ್‌ಯುವಿನ ಪ್ರೊಟೆಕ್ಷನ್ ಟ್ರಿಪ್ ಆಗಿ ಲಾಕ್ ಆಗಿದೆ. ಓವರ್ ಕರೆಂಟ್, ಓವರ್ ಪವರ್, ಅಂಡರ್ ವೋಲ್ಟೇಜ್, ಈ ಮೂರರಲ್ಲಿ ಯಾವುದೋ ಒಂದು. ರ‍್ಯಾಮ್ ಅಥವಾ ಡ್ರೈವರ್ ತೊಂದರೆ ಆಗಿದ್ದರೆ ರೀಸ್ಟಾರ್ಟ್ ಅಥವಾ ನೀಲಿ ಸ್ಕ್ರೀನ್ ಬರಬೇಕಿತ್ತು.

ವೋಲ್ಟೇಜ್_ವೆಂಕಿ
ಮೊದಲು ಮೀಟರ್ ಲೆಕ್ಕ ಸರಿ ಮಾಡೋಣ. ಪ್ಲಗ್‌ನಲ್ಲಿ ಕಾಣುವ 500 ವ್ಯಾಟ್ ಎಸಿ ಕಡೆಯದು. ಪಿಎಸ್‌ಯು ಮೇಲೆ ಬರೆದಿರುವ 650 ಡಿಸಿ ಕಡೆಯದು, ಅಂದರೆ ಅದು ಒಳಗಿನ ಭಾಗಗಳಿಗೆ ಕೊಡಬಲ್ಲ ಪವರ್. ನಡುವೆ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಗೋಲ್ಡ್ ಅಂದರೆ ಅರ್ಧ ಲೋಡ್‌ನಲ್ಲಿ ಹತ್ತಿರ ಹತ್ತಿರ 90%. ಹಾಗಾಗಿ ನಿಮ್ಮ ಪಿಎಸ್‌ಯು ಕೊಡುತ್ತಿರುವುದು 450 ವ್ಯಾಟ್ ಮಾತ್ರ. ಉಳಿದಿರುವುದು 150 ಅಲ್ಲ, 200.

ಅಷ್ಟಿದ್ದೂ ಟ್ರಿಪ್ ಆಗುತ್ತದೆ ಅಂದರೆ ಪಿಎಸ್‌ಯು ಹಾಳಾಗಿದೆ. 650 ಧಾರಾಳ ಸಾಕು. ಸುಮ್ನೆ 850, 1000 ಅಂತ ಹೆದರಿಸಬೇಡಿ.

ಆಂಪಿಯರ್_ಅಣ್ಣ
ವೆಂಕಿ, ಎಸಿ ಡಿಸಿ ಲೆಕ್ಕ ಸರಿ. ತೀರ್ಮಾನ ಮಾತ್ರ ಅವಸರದ್ದು.

ಆ ಮೀಟರ್ ಸೆಕೆಂಡಿಗೆ ಒಂದು ಸಲವೋ ಏನೋ ಅಂಕಿ ಬದಲಿಸುತ್ತದೆ. ಅದು ತೋರಿಸುವುದು ಸರಾಸರಿ. ಜೊತೆಗೆ ಪಿಎಸ್‌ಯು ಒಳಗಿನ ದೊಡ್ಡ ಕೆಪಾಸಿಟರ್ ಏರಿಳಿತವನ್ನೆಲ್ಲ ನುಂಗಿ ಹಾಕಿರುತ್ತದೆ. ಜಿಪಿಯು-ಝಡ್‌ನ 318 ಕೂಡ ಸರಾಸರಿಯೇ. ಕಾರ್ಡ್ ನಿಜವಾಗಿ ಕರೆಂಟ್ ಎಳೆಯುವ ರೀತಿ ಹಾಗಿಲ್ಲ. ಒಂದು ಮಿಲಿಸೆಕೆಂಡ್ 200 ವ್ಯಾಟ್, ಮುಂದಿನದು 430, ಮತ್ತೆ 280, ಹೀಗೆ ಕುಣಿಯುತ್ತಿರುತ್ತದೆ. ಬೋರ್ಡ್‌ನ ಪವರ್ ಲಿಮಿಟ್ ಹಿಡಿದಿಡುವುದು ಸರಾಸರಿಯನ್ನು ಮಾತ್ರ, ಅದಕ್ಕಿಂತ ಚಿಕ್ಕ ಜಿಗಿತಗಳನ್ನಲ್ಲ. 3080, 3090 ಬಂದಾಗ, ಅಂದರೆ 2020ರಲ್ಲಿ, ಈ ಜಿಗಿತಗಳೇ ದೊಡ್ಡ ಸುದ್ದಿಯಾಗಿದ್ದವು. ಕ್ಷಣಕ್ಷಣದ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಇಟ್ಟು ಅಳೆದವರಿಗೆ 320 ವ್ಯಾಟ್‌ನ ಕಾರ್ಡ್ 400 ದಾಟಿ ಹೋಗುವುದು ಸಲೀಸಾಗಿ ಕಂಡಿತ್ತು.

ಈಗ ಫರ್‌ಮಾರ್ಕ್ ಯಾಕೆ ಓಡುತ್ತದೆ ನೋಡಿ. ಅದು ಒಂದೇ ತರಹದ ಭಾರ. ಕಾರ್ಡ್ ಲಿಮಿಟ್‌ಗೆ ತಾಗಿ ಕ್ಲಾಕ್ ಇಳಿಸಿಕೊಂಡು ಅಲ್ಲೇ ನಿಂತುಬಿಡುತ್ತದೆ. ಸಿಪಿಯುಗೆ ಕೆಲಸವೇ ಇಲ್ಲ. ಗೇಮ್‌ನಲ್ಲಿ ಲೋಡಿಂಗ್ ಮುಗಿದ ತಕ್ಷಣ ಕಾರ್ಡ್ ಬಹುತೇಕ ಖಾಲಿಯಿಂದ ಪೂರ್ತಿ ಭಾರಕ್ಕೆ ಹಾರುತ್ತದೆ, ಅದೇ ಹೊತ್ತಿಗೆ ಸಿಪಿಯು ಕೂಡ. 5800ಎಕ್ಸ್‌ನ ಟಿಡಿಪಿ (ಕಂಪನಿ ಹೇಳುವ ಶಾಖದ ಅಂಕಿ) 105 ಅಂತಿದ್ದರೂ ಸಾಕೆಟ್‌ನಿಂದ ಅದು ಎಳೆಯಬಹುದಾದ ಲಿಮಿಟ್ 142 ವ್ಯಾಟ್. ಎರಡೂ ಒಟ್ಟಿಗೆ ಜಿಗಿದಾಗ 650ರ ಟ್ರಿಪ್ ಮಟ್ಟ ತಾಗುವುದು ಆಶ್ಚರ್ಯವೇನಲ್ಲ.

ವೋಲ್ಟೇಜ್_ವೆಂಕಿ
ಅಣ್ಣ, ಒಂದು ಮಿಲಿಸೆಕೆಂಡ್ ಜಿಗಿತಕ್ಕೆ ಟ್ರಿಪ್ ಆಗುವ ಪಿಎಸ್‌ಯು ಒಳ್ಳೆಯ ಪಿಎಸ್‌ಯು ಹೇಗಾಗುತ್ತದೆ? ಕೆಪಾಸಿಟರ್ ಇರುವುದೇ ಅದಕ್ಕಲ್ವಾ? ಇದೆಲ್ಲ ದೊಡ್ಡ ಪಿಎಸ್‌ಯು ಮಾರುವವರ ಕಥೆ.

ಆಂಪಿಯರ್_ಅಣ್ಣ
ಮೈಕ್ರೋಸೆಕೆಂಡ್‌ಗಳ ಜಿಗಿತವನ್ನು ಕಾರ್ಡ್ ಮೇಲಿನ ಕೆಪಾಸಿಟರ್‌ಗಳೇ ನೋಡಿಕೊಳ್ಳುತ್ತವೆ, ಒಪ್ಪಿದೆ. ಹತ್ತಿಪ್ಪತ್ತು ಮಿಲಿಸೆಕೆಂಡ್ ನಿಂತರೆ ಅದು ಪಿಎಸ್‌ಯು ತನಕ ಬರುತ್ತದೆ. ಅಷ್ಟರಲ್ಲಿ ಪ್ರೊಟೆಕ್ಷನ್ ಚಿಪ್ ಎಷ್ಟು ಬೇಗ, ಎಷ್ಟು ಮಟ್ಟಕ್ಕೆ ಎಚ್ಚರಗೊಳ್ಳುತ್ತದೆ ಎನ್ನುವುದು ಆಯಾ ಮಾಡೆಲ್‌ನ ವಿನ್ಯಾಸ. ಕೆಲವರು 120%ಗೆ ಇಟ್ಟಿರುತ್ತಾರೆ, ಕೆಲವರು 140%ಗೆ. ಹೊರಗೆ ಎರಡರ ಮೇಲೂ 650 ಅಂತಲೇ ಬರೆದಿರುತ್ತದೆ.

ಕಥೆ ಆಗಿದ್ದರೆ ಇಂಟೆಲ್ 2022ರಲ್ಲಿ ಎಟಿಎಕ್ಸ್ 3.0 ಎಂಬ ಪಿಎಸ್‌ಯು ಮಾನದಂಡ ತಂದಾಗ ಈ ಜಿಗಿತಕ್ಕೆ ಅಂತಲೇ ನಿಯಮ ಬರೆಯುತ್ತಿರಲಿಲ್ಲ. 450 ವ್ಯಾಟ್‌ಗಿಂತ ದೊಡ್ಡದಾಗಿದ್ದು, 600 ವ್ಯಾಟ್ ತನಕ ಸಾಗಿಸಬಲ್ಲ ಹೊಸ 16-ಪಿನ್ ಕನೆಕ್ಟರ್ ಕೂಡ ಇರುವ ಪಿಎಸ್‌ಯು, ತನ್ನ ರೇಟಿಂಗ್‌ನ 200% ಅನ್ನು 100 ಮೈಕ್ರೋಸೆಕೆಂಡ್, 180% ಅನ್ನು 1 ಮಿಲಿಸೆಕೆಂಡ್, 160% ಅನ್ನು 10 ಮಿಲಿಸೆಕೆಂಡ್, 120% ಅನ್ನು 100 ಮಿಲಿಸೆಕೆಂಡ್ ತಡೆದುಕೊಳ್ಳಬೇಕು. ಹಳೆಯ ಪಿಎಸ್‌ಯುಗಳಿಗೆ ಈ ಪರೀಕ್ಷೆಯೇ ಇರಲಿಲ್ಲ. ಭೂಪ ಅವರ ಪಿಎಸ್‌ಯು ಹಾಳಾಗಿರಲೇಬೇಕು ಅಂತೇನಿಲ್ಲ. ಇಂಥ ಕಾರ್ಡ್ ಬರುತ್ತದೆ ಅಂತ ಅದನ್ನು ಮಾಡಿದವರು ಅಂದುಕೊಂಡಿರಲಿಲ್ಲ, ಅಷ್ಟೇ.

ವೋಲ್ಟೇಜ್_ವೆಂಕಿ
ಆ ನಿಯಮದ ಮಾತು ಸರಿ. ಆದರೂ 3080ಯನ್ನು 650ರಲ್ಲಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನೇ ಇಬ್ಬರಿಗೆ ಜೋಡಿಸಿ ಕೊಟ್ಟಿದ್ದೇನೆ, ಒಂದು ದಿನವೂ ಫೋನ್ ಬಂದಿಲ್ಲ.

ಶಾರ್ಟ್_ಸರ್ಕ್ಯೂಟ್
ಫೋನ್ ಮಾಡುವುದಕ್ಕೂ ಕರೆಂಟ್ ಬೇಕಲ್ಲ 😄

ಹಳೇ_ಮದರ್‌ಬೋರ್ಡ್
ಎಲ್ಲಾ ಸರಿ, ಕೇಬಲ್ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ. ಕಾರ್ಡ್‌ನಲ್ಲಿ ಎರಡು 8-ಪಿನ್ ಇರಬೇಕು. ಎರಡು ಬೇರೆ ಬೇರೆ ಕೇಬಲ್ ಹಾಕಿದ್ದೀರಾ, ಇಲ್ಲ ಒಂದೇ ಕೇಬಲ್‌ನ ಎರಡು ತಲೆ ಸಿಕ್ಕಿಸಿದ್ದೀರಾ?

ಬೂಟಾಗದ_ಭೂಪ
ಒಂದೇ ಕೇಬಲ್, ಎರಡು ತಲೆ. 2060 ಹಾಕಿದಾಗಿನಿಂದ ಅದೇ ಇದೆ. ಅದು ತಪ್ಪಾ?

ಹಳೇ_ಮದರ್‌ಬೋರ್ಡ್
2060ಗೆ ತಪ್ಪಲ್ಲ, ಅದು 160 ವ್ಯಾಟ್ ಕಾರ್ಡ್. 3080ಗೆ ಬೇಡ.

ಲೆಕ್ಕ ನೋಡಿ. ಮದರ್‌ಬೋರ್ಡ್ ಸ್ಲಾಟ್‌ನಿಂದ ಕಾರ್ಡ್ ಹೆಚ್ಚೆಂದರೆ 75 ವ್ಯಾಟ್ ತೆಗೆದುಕೊಳ್ಳಬಹುದು, ಅದರಲ್ಲಿ 12 ವೋಲ್ಟ್‌ನದು 66. ಮಿಕ್ಕಿದ 250ಕ್ಕೂ ಜಾಸ್ತಿ ಕೇಬಲ್‌ನಲ್ಲೇ ಬರಬೇಕು. 8-ಪಿನ್‌ನಲ್ಲಿ 12 ವೋಲ್ಟ್ ತಂತಿ ಇರುವುದು ಮೂರೇ. 250ನ್ನು 12ರಿಂದ ಭಾಗಿಸಿದರೆ 21 ಆಂಪಿಯರ್ ಹತ್ತಿರ, ಅಂದರೆ ತಂತಿಗೆ 7 ಆಂಪಿಯರ್. ಎರಡು ಕೇಬಲ್ ಹಾಕಿದರೆ ಅದು ಅರ್ಧವಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಕರೆಂಟ್ ಅರ್ಧವಾದರೆ ಆ ತಂತಿಯ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಕುಸಿತವೂ ಕಡಿಮೆ.

ಪಿಎಸ್‌ಯು ಮಲ್ಟಿ ರೇಲ್ (12 ವೋಲ್ಟ್ ಅನ್ನು ಹಲವು ಸಾಲುಗಳಾಗಿ ಹಂಚಿ, ಪ್ರತಿಯೊಂದಕ್ಕೂ ಬೇರೆ ಲಿಮಿಟ್ ಇಟ್ಟದ್ದು) ಆಗಿದ್ದರೆ ಇನ್ನೂ ಮುಖ್ಯ. ಒಂದೇ ರೇಲ್ ಮೇಲೆ ಎಲ್ಲ ಭಾರ ಬಿದ್ದು ಓವರ್ ಕರೆಂಟ್ ಟ್ರಿಪ್ ಆಗಿರಬಹುದು. ಮೊದಲು ಕೇಬಲ್ ಬದಲಿಸಿ, ಆಮೇಲೆ 850 ಮಾತು.

ಫ್ರೇಮ್_ರೇಟ್_ಫಕೀರ
ಒಂದು ಎಚ್ಚರಿಕೆ. ಎರಡನೇ ಕೇಬಲ್ ಹುಡುಕುವಾಗ ಬೇರೆ ಪಿಎಸ್‌ಯುವಿನ ಮಾಡ್ಯುಲರ್ (ಬಿಚ್ಚಿ ಹಾಕುವ) ಕೇಬಲ್ ದಯವಿಟ್ಟು ತಂದು ಸಿಕ್ಕಿಸಬೇಡಿ. ಕಾರ್ಡ್ ಕಡೆಯ ತುದಿ ಎಲ್ಲದರಲ್ಲೂ ಒಂದೇ. ಪಿಎಸ್‌ಯು ಕಡೆಯ ತುದಿ ಕಂಪನಿಗೊಂದು ತರಹ, ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಸರಿಯಾಗಿ ಕೂರುತ್ತದೆ, ಆದರೆ 12 ವೋಲ್ಟ್ ಹೋಗಬೇಕಾದ ಜಾಗಕ್ಕೆ ಗ್ರೌಂಡ್ ಹೋಗಿರುತ್ತದೆ. ನನ್ನ ಸ್ನೇಹಿತನ ಎರಡು ಹಾರ್ಡ್ ಡಿಸ್ಕ್ ಹೀಗೇ ಹೋದವು, ಫೋಟೋಗಳ ಸಮೇತ.

ಬೂಟಾಗದ_ಭೂಪ
ಪಿಎಸ್‌ಯು ಜೊತೆ ಬಂದ ಡಬ್ಬದಲ್ಲೇ ಇನ್ನೊಂದು ಕೇಬಲ್ ಇತ್ತು, ಹಾಕಿದೆ. ಈಗ ಆಫ್ ಆಗುವುದು ಕಡಿಮೆ ಆಗಿದೆ. ಆದರೆ ನಿಂತಿಲ್ಲ.

ಕೇಬಲ್_ಕಮಲಿ
ಹಾಗಾದರೆ ಇನ್ನೊಂದು ಪರೀಕ್ಷೆ, ಏನೂ ಖರ್ಚಿಲ್ಲ. ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಕಾರ್ಡ್‌ನ ಪವರ್ ಲಿಮಿಟ್ 75%ಗೆ ಇಳಿಸಿ, ಅಂದರೆ 240 ವ್ಯಾಟ್. ಜೊತೆಗೆ ಫ್ರೇಮ್ ರೇಟ್‌ಗೆ ಕ್ಯಾಪ್ ಹಾಕಿ. ಕೆಲವು ಗೇಮ್‌ಗಳ ಮೆನುವಿನಲ್ಲೇ ಕಾರ್ಡ್ ಸೆಕೆಂಡಿಗೆ ನೂರಾರು ಫ್ರೇಮ್ ಬಿಡಿಸುತ್ತಾ ಸುಮ್ನೆ ಕರೆಂಟ್ ಕುಡಿಯುತ್ತಿರುತ್ತದೆ. ಹೀಗೆ ಮಾಡಿದಾಗ ಆಫ್ ಆಗುವುದು ಪೂರ್ತಿ ನಿಂತರೆ ಕಾರ್ಡ್ ಹಾಳಾಗಿದೆ ಎನ್ನುವ ಅನುಮಾನ ಬಹುಮಟ್ಟಿಗೆ ಬಿಡಬಹುದು.

ರೇಡಿಯಾನ್_ರಾಯರು
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಎಎಂಡಿಯ ಆರ್‌ಎಕ್ಸ್ 6800. ಎಲ್ಲರೂ 250 ವ್ಯಾಟ್ ಕಾರ್ಡ್ ಅಂತಾರೆ, ಸಾಫ್ಟ್‌ವೇರ್‌ನಲ್ಲಿ 203 ದಾಟುವುದೇ ಇಲ್ಲ. ಎನ್‌ವಿಡಿಯಾಗಿಂತ ಎಷ್ಟು ಉಳಿತಾಯ ನೋಡಿ!

ಆಂಪಿಯರ್_ಅಣ್ಣ
ಉಳಿತಾಯ ಅಲ್ಲ ರಾಯರೇ, ಅಳತೆಯ ಜಾಗ ಬೇರೆ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಕರೆಂಟ್ ಒಳಗೆ ಬರುವ ಕಡೆಯೇ ಶಂಟ್ ರೆಸಿಸ್ಟರ್ ಇಟ್ಟು ಅಳೆಯುತ್ತಾರೆ, ಹಾಗಾಗಿ ಇಡೀ ಬೋರ್ಡ್‌ನ ಲೆಕ್ಕ ಬರುತ್ತದೆ. ನಿಮ್ಮ 6000 ಸರಣಿಯಲ್ಲಿ ಕಾಣುವ 203 ಚಿಪ್ ಕಡೆಯ ಪವರ್ ಮಾತ್ರ. ವಿಆರ್‌ಎಂ (ಚಿಪ್‌ಗೆ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್) ನಷ್ಟ, ಫ್ಯಾನ್, ಅದೂ ಇದೂ ಸೇರಿದರೆ 250. 7000 ಸರಣಿಯಿಂದ ಎಎಂಡಿಯವರೂ ಟೋಟಲ್ ಬೋರ್ಡ್ ಪವರ್ ತೋರಿಸಲು ಶುರು ಮಾಡಿದರು. ಹಳೆಯ ಎಎಂಡಿ ಕಾರ್ಡ್‌ನ ಅಂಕಿಯನ್ನು ಎನ್‌ವಿಡಿಯಾ ಅಂಕಿಯ ಪಕ್ಕ ಇಟ್ಟು ಹೋಲಿಸಿದ ವಿಡಿಯೋ ಕಂಡರೆ ಮುಂದೆ ಹೋಗಿ, ನೋಡಬೇಡಿ.

ರೇಡಿಯಾನ್_ರಾಯರು
ಅಯ್ಯೋ, ಖುಷಿಯನ್ನೆಲ್ಲ ಹಾಳು ಮಾಡಿದಿರಿ.

ಸೋಲ್ಡರ್_ಸುಬ್ಬು
ಸಾಫ್ಟ್‌ವೇರ್ ನಂಬಿಕೆ ಇಲ್ಲದಿದ್ದರೆ ಕ್ಲಾಂಪ್ ಮೀಟರ್ ತಗೊಳ್ಳಿ. ಡಿಸಿ ಅಳೆಯುವಂಥದ್ದೇ ಬೇಕು, ಎಸಿ ಮಾತ್ರ ಅಳೆಯುವ ಮೀಟರ್ ಇಲ್ಲಿ ಸೊನ್ನೆ ತೋರಿಸುತ್ತದೆ. ಇನ್ನೊಂದು, ಇಡೀ ಕೇಬಲ್ ಸುತ್ತ ಕ್ಲಾಂಪ್ ಹಾಕಿದರೂ ಸೊನ್ನೆಯೇ! ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಕಳೆದುಕೊಳ್ಳುತ್ತವೆ. 12 ವೋಲ್ಟ್‌ನ ಮೂರು ತಂತಿ ಮಾತ್ರ ಬೇರೆ ಮಾಡಿ ಹಿಡಿಯಿರಿ. ಹಳೆಯ ಕೇಬಲ್ ಆದರೆ ಹಳದಿ ಬಣ್ಣದವು. ಈಗೆಲ್ಲ ಕಪ್ಪೇ ಕಪ್ಪು, ಪಿನ್ ಜಾಗ ನೋಡಿಯೇ ಗುರುತಿಸಬೇಕು.

ನನ್ನ ಮೇಜಿನ ಮೇಲೆ ಇದೇ 3080 ಇದೆ. ಎರಡು ಕೇಬಲ್ ಸೇರಿ 20 ಆಂಪಿಯರ್‌ಗೆ ಸ್ವಲ್ಪ ಮೇಲೆ ಬಂತು, ಅಂದರೆ 245 ವ್ಯಾಟ್ ಹತ್ತಿರ. ಸಾಫ್ಟ್‌ವೇರ್ 315 ಅಂದಿತು. ವ್ಯತ್ಯಾಸ ಸ್ಲಾಟ್‌ನಿಂದ ಬರುತ್ತಿದೆ, ಅದನ್ನು ಕ್ಲಾಂಪ್‌ನಲ್ಲಿ ಹಿಡಿಯಲು ಆಗುವುದಿಲ್ಲ, ಸ್ಲಾಟ್‌ಗೂ ಕಾರ್ಡ್‌ಗೂ ನಡುವೆ ಕೂರುವ ರೈಸರ್ ಬೇಕು. ಎನ್‌ವಿಡಿಯಾದವರು ಪಿಕ್ಯಾಟ್ ಅಂತ ಒಂದು ಕಿಟ್ ಮಾಡಿ ವಿಮರ್ಶಕರಿಗೆ ಕೊಡುತ್ತಾರೆ. ಅದು ಸ್ಲಾಟ್ ಮತ್ತು ಕೇಬಲ್ ಎರಡನ್ನೂ ಅಳೆಯುತ್ತದೆ. ನಮ್ಮಂಥವರ ಕೆಲಸಕ್ಕೆ ಅಷ್ಟು ಬೇಕಿಲ್ಲ.

ಇದೂ ಸರಾಸರಿಯೇ, ಜಿಗಿತ ಕಾಣುವುದಿಲ್ಲ. ಮಿಲಿಸೆಕೆಂಡ್ ನೋಡಬೇಕೆಂದರೆ ಆಸಿಲೋಸ್ಕೋಪ್, ಕರೆಂಟ್ ಪ್ರೋಬ್ ಬೇಕೇ ಬೇಕು.

ಫ್ರೇಮ್_ರೇಟ್_ಫಕೀರ
ಸ್ಲಾಟ್ ಅಂದಾಗ ನೆನಪಾಯಿತು. 2016ರಲ್ಲಿ ಆರ್‌ಎಕ್ಸ್ 480 ಬಂದಾಗ ಸ್ಲಾಟ್‌ನಿಂದ ಲಿಮಿಟ್ ಮೀರಿ ಎಳೆಯುತ್ತದೆ ಅಂತ ಎಷ್ಟು ಗಲಾಟೆ ಆಗಿತ್ತು! ಕೊನೆಗೆ ಎಎಂಡಿ ಡ್ರೈವರ್ ಬಿಟ್ಟು ಸರಿ ಮಾಡಿತು.

ರೇಡಿಯಾನ್_ರಾಯರು
ನೆನಪು ಮಾಡಲೇಬೇಕಿತ್ತಾ 😒

ಸೈಲೆಂಟ್_ಫ್ಯಾನ್
ಪ್ರಶ್ನೆ: ಏನೂ ಆಡದೆ ಸುಮ್ಮನೆ ಕೂತಾಗಲೂ ನನ್ನ ಕಾರ್ಡ್ 40 ವ್ಯಾಟ್ ಎಳೆಯುತ್ತದೆ. ಸ್ನೇಹಿತನ ಹತ್ತಿರ ಅದೇ ಕಾರ್ಡ್, ಅಲ್ಲಿ 15. ಯಾಕೆ?

ಸೋಲ್ಡರ್_ಸುಬ್ಬು
ಎರಡು ಮಾನಿಟರ್ ಇದೆಯಾ? ಎರಡರ ರಿಫ್ರೆಶ್ ರೇಟ್ ಬೇರೆ ಬೇರೆಯಾ? ಹಾಗಿದ್ದರೆ ಮೆಮೊರಿ ಕ್ಲಾಕ್ ಕೆಳಗೆ ಇಳಿಯುತ್ತಿಲ್ಲ. ಒಂದನ್ನು ಕಡಿಮೆ ಹರ್ಟ್ಜ್‌ಗೆ ಇಟ್ಟು ನೋಡಿ.

ಸೈಲೆಂಟ್_ಫ್ಯಾನ್
144 ಮತ್ತು 60 ಇತ್ತು. 144 ಇದ್ದದ್ದನ್ನು 120 ಮಾಡಿದೆ, 18 ವ್ಯಾಟ್‌ಗೆ ಇಳಿಯಿತು! ನಮಸ್ಕಾರ ಸುಬ್ಬಣ್ಣ.

ಬೂಟಾಗದ_ಭೂಪ
ಕಮಲಿ ಮೇಡಂ ಹೇಳಿದಂತೆ 75% ಇಟ್ಟು, 100 ಎಫ್‌ಪಿಎಸ್ ಕ್ಯಾಪ್ ಹಾಕಿ ವಾರಾಂತ್ಯ ಪೂರ್ತಿ ಆಡಿದೆ. ಒಂದು ಸಲವೂ ಆಫ್ ಆಗಲಿಲ್ಲ. ಫ್ರೇಮ್ ರೇಟ್ ಕಡಿಮೆಯಾದದ್ದು ಗೊತ್ತೇ ಆಗಲಿಲ್ಲ ಅನ್ನಬಹುದು. 100%ಗೆ ವಾಪಸ್ ಇಟ್ಟು ಕ್ಯಾಪ್ ತೆಗೆದೆ, ಮತ್ತೆ ಠಪ್ ಅಂತ ಆಫ್.

ಆಂಪಿಯರ್_ಅಣ್ಣ
ಹಾಗಾದರೆ ವಿಷಯ ಸ್ಪಷ್ಟ. ಎರಡು ದಾರಿ ಇದೆ. ಹೀಗೇ ಇಟ್ಟುಕೊಳ್ಳಿ, ಅಥವಾ ಅಂಡರ್‌ವೋಲ್ಟ್ ಮಾಡಿ. ಅಂಡರ್‌ವೋಲ್ಟ್ ಇನ್ನೂ ಒಳ್ಳೆಯದು, ಯಾಕೆಂದರೆ ಪವರ್ ಲಿಮಿಟ್ ಸರಾಸರಿಯನ್ನು ಹಿಡಿಯುತ್ತದೆ, ವೋಲ್ಟೇಜ್ ಇಳಿಸಿದರೆ ಜಿಗಿತದ ಎತ್ತರವೇ ತಗ್ಗುತ್ತದೆ. ಕಂಪನಿಯವರು ಎಲ್ಲ ಚಿಪ್‌ಗಳಿಗೂ ಆಗಲಿ ಅಂತ ವೋಲ್ಟೇಜ್ ಸ್ವಲ್ಪ ಜಾಸ್ತಿಯೇ ಇಟ್ಟಿರುತ್ತಾರೆ.

ವೋಲ್ಟೇಜ್_ವೆಂಕಿ
ಇದನ್ನು ನಾನೂ ಒಪ್ಪುತ್ತೇನೆ. ಹೊಸ ಪಿಎಸ್‌ಯು ಬೇಕಾಗಿಲ್ಲ ಅಂತ ನಾನು ಮೊದಲೇ ಹೇಳಿದ್ದು ಇದನ್ನೇ!

ಕೇಬಲ್_ಕಮಲಿ
ನೀವು ಹೇಳಿದ್ದು ಪಿಎಸ್‌ಯು ಹಾಳಾಗಿದೆ ಅಂತ ವೆಂಕಿ. ಮೇಲೆ ಹೋಗಿ ಓದಿ.

ಬೂಟಾಗದ_ಭೂಪ
ಜಗಳ ಬೇಡ 🙏 ಸದ್ಯಕ್ಕೆ ಅಂಡರ್‌ವೋಲ್ಟ್. ಆದರೆ ಮುಂದೆ ಕಾರ್ಡ್ ಬದಲಿಸುವ ಯೋಚನೆಯೂ ಇದೆ, ಪಿಎಸ್‌ಯು ತೆಗೆದುಕೊಳ್ಳುವವನೇ. ಎಷ್ಟು ವ್ಯಾಟ್, ಏನು ನೋಡಬೇಕು?

ಹಳೇ_ಮದರ್‌ಬೋರ್ಡ್
ಈಗಿನ ಕಾರ್ಡ್‌ನ ಲೆಕ್ಕ: 320 ಕಾರ್ಡ್, 142 ಸಿಪಿಯು, ಬೋರ್ಡ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ 60. ಒಟ್ಟು 520 ಚಿಲ್ಲರೆ. ಎರಡೂ ಪೂರ್ತಿ ಓಡುವುದು ಅಪರೂಪ, ಅದಕ್ಕೇ ನಿಮ್ಮ ಮೀಟರ್‌ನಲ್ಲಿ ಕಡಿಮೆ ಕಂಡಿತು. ಎನ್‌ವಿಡಿಯಾ ಈ ಕಾರ್ಡ್‌ಗೆ ಹೇಳಿದ್ದೇ 750. ನಾನಾದರೆ 750ರ ಒಳ್ಳೆಯ ಎಟಿಎಕ್ಸ್ 3.1 ಮಾಡೆಲ್ ತೆಗೆದುಕೊಳ್ಳುತ್ತೇನೆ, ಹಳೆ ವಿನ್ಯಾಸದ 850 ಅಲ್ಲ.

80 ಪ್ಲಸ್ ಬಣ್ಣ ನೋಡಿ ಮರುಳಾಗಬೇಡಿ. ಅದು ಹೇಳುವುದು ಎಷ್ಟು ಕರೆಂಟ್ ಪೋಲಾಗುತ್ತದೆ ಅಂತ ಮಾತ್ರ. ಜಿಗಿತ ತಡೆಯುತ್ತದಾ, ಪ್ರೊಟೆಕ್ಷನ್ ಸರಿ ಇದೆಯಾ, ರಿಪಲ್ (ಡಿಸಿಯಲ್ಲಿ ಉಳಿಯುವ ಚಿಕ್ಕ ಏರಿಳಿತ) ಎಷ್ಟು, ಇದ್ಯಾವುದನ್ನೂ ಹೇಳುವುದಿಲ್ಲ. ಪಿಎಸ್‌ಯು ಬಿಚ್ಚಿ, ಲೋಡ್ ಹಾಕಿ ಪರೀಕ್ಷೆ ಮಾಡಿದ ವಿಮರ್ಶೆ ಓದಿ. ಡಬ್ಬದ ಫೋಟೋ ಹಾಕಿ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟದ್ದು ವಿಮರ್ಶೆ ಅಲ್ಲ.

ಸೋಲ್ಡರ್_ಸುಬ್ಬು
+1. ಗಾಜಿನ ಕೇಸ್, ಬಣ್ಣದ ಫ್ಯಾನ್, ಲೈಟ್ ಹಾಕಿದ ರ‍್ಯಾಮ್ ಎಲ್ಲ ತಂದು, ಪಿಎಸ್‌ಯು ಮಾತ್ರ ಹೆಸರು ಕೇಳದ ಯಾವುದೋ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನನ್ನ ಹತ್ತಿರ ರಿಪೇರಿಗೆ ಬರುವ ಪಿಸಿಗಳಲ್ಲಿ ಅರ್ಧ ಇಂಥವೇ.

ಫ್ರೇಮ್_ರೇಟ್_ಫಕೀರ
ಮುಂದೆ ಕಾರ್ಡ್ ಬದಲಿಸುವುದಾದರೆ ಹೊಸ 16-ಪಿನ್ ಕನೆಕ್ಟರ್ ಬಗ್ಗೆ ತಿಳಿದಿರಲಿ. ಹಳೆಯ 8-ಪಿನ್‌ಗೆ 150 ವ್ಯಾಟ್ ಲಿಮಿಟ್, ಅಂದರೆ ಪಿನ್‌ಗೆ 4 ಆಂಪಿಯರ್ ಚಿಲ್ಲರೆ. ಹೊಸದು ಆರು ಪಿನ್‌ಗಳಲ್ಲಿ 600 ವ್ಯಾಟ್ ಸಾಗಿಸುತ್ತದೆ, ಪಿನ್‌ಗೆ 8 ಆಂಪಿಯರ್ ಮೇಲೆ, ಅದೂ ಚಿಕ್ಕ ಪಿನ್. ತಪ್ಪಿಗೆ ಜಾಗವೇ ಇಲ್ಲ. 2022ರ ಅಕ್ಟೋಬರ್‌ನಲ್ಲಿ 4090 ಬಂದ ಕೆಲವೇ ದಿನಗಳಲ್ಲಿ ಕರಗಿದ ಪ್ಲಗ್‌ಗಳ ಫೋಟೋ ಬರಲು ಶುರುವಾಯಿತು. ಆಮೇಲೆ 12ವಿ-2ಎಕ್ಸ್6 ಅಂತ ತಿದ್ದಿದರು. ಅದರಲ್ಲಿ ಸೆನ್ಸ್ ಪಿನ್ ಗಿಡ್ಡ ಮಾಡಿದ್ದಾರೆ, ಪ್ಲಗ್ ಅರೆಬರೆ ಕೂತಿದ್ದರೆ ಕಾರ್ಡ್ ಆನ್ ಆಗಬಾರದು ಅಂತ. ಎಟಿಎಕ್ಸ್ 3.1 ಅಂದರೆ ಈ ಹೊಸ ತರಹದ್ದು.

ಶಾರ್ಟ್_ಸರ್ಕ್ಯೂಟ್
5090 ಅಂತೂ 575 ವ್ಯಾಟ್. 600ರ ಕನೆಕ್ಟರ್‌ಗೆ 575ರ ಕಾರ್ಡ್! ಯಾರ ಧೈರ್ಯವೋ.

ಆಂಪಿಯರ್_ಅಣ್ಣ
ಅದಕ್ಕೇ ಅದನ್ನು ಪೂರ್ತಿ ಒಳಗೆ ಒತ್ತಿ, ಪ್ಲಗ್ ಪಕ್ಕದಲ್ಲೇ ತಂತಿ ಬಗ್ಗಿಸದೆ ಸ್ವಲ್ಪ ದೂರ ನೇರವಾಗಿ ಬಿಡಿ. ಒಂದೇ ಬದಿಗೆ ಎಳೆತ ಬಿದ್ದರೆ ಕೆಲವು ಪಿನ್ ಸರಿಯಾಗಿ ತಾಗದೆ, ಉಳಿದವುಗಳ ಮೇಲೆ ಭಾರ ಹೋಗುತ್ತದೆ.

ಸೈಲೆಂಟ್_ಫ್ಯಾನ್
ಪಿಎಸ್‌ಯು ಅರ್ಧ ಲೋಡ್‌ನಲ್ಲೇ ಓಡಬೇಕು, ಹಾಗಾಗಿ ಎರಡರಷ್ಟು ದೊಡ್ಡದು ತಗೊಳ್ಳಿ ಅಂತಾರಲ್ಲ, ನಿಜವಾ?

ಸೋಲ್ಡರ್_ಸುಬ್ಬು
ದಕ್ಷತೆ ದೃಷ್ಟಿಯಿಂದ ಅದಕ್ಕೆ ಅರ್ಥ ಇಲ್ಲ. ಗೋಲ್ಡ್‌ನಲ್ಲಿ ಅರ್ಧ ಲೋಡ್‌ಗೂ ಪೂರ್ತಿ ಲೋಡ್‌ಗೂ ವ್ಯತ್ಯಾಸ ಮೂರು ಪರ್ಸೆಂಟ್ ಆಸುಪಾಸು ಮಾತ್ರ. ಆದರೆ ಫ್ಯಾನ್ ಸದ್ದು ಕಡಿಮೆ ಇರುತ್ತದೆ. ನಿಮ್ಮ ಹೆಸರಿಗೆ ತಕ್ಕ ಕಾರಣ ಅದೊಂದೇ.

ರೇಡಿಯಾನ್_ರಾಯರು
ಯುಪಿಎಸ್ ಬಗ್ಗೆಯೂ ಯಾರಾದರೂ ಹೇಳಿ. ನನ್ನದರ ಮೇಲೆ 1000 ಅಂತಿದೆ. 1000 ವ್ಯಾಟ್ ಪಿಎಸ್‌ಯು ಕೂಡ ಹಾಕಬಹುದಲ್ಲ?

ಹಳೇ_ಮದರ್‌ಬೋರ್ಡ್
ಅದು 1000 ವಿಎ (ವೋಲ್ಟ್-ಆಂಪಿಯರ್) ಇರಬೇಕು ರಾಯರೇ, ವ್ಯಾಟ್ ಅಲ್ಲ. ಹಿಂಭಾಗದ ಸ್ಟಿಕ್ಕರ್ ನೋಡಿ, ಚಿಕ್ಕ ಅಕ್ಷರದಲ್ಲಿ 600 ವ್ಯಾಟ್ ಅಂತ ಇದ್ದರೂ ಇರಬಹುದು. ಇನ್ನು ಪಿಎಸ್‌ಯು ಮೇಲೆ ಬರೆದ ಸಂಖ್ಯೆಗೂ ಯುಪಿಎಸ್‌ಗೂ ಸಂಬಂಧ ಇಲ್ಲ. ಪಿಸಿ ಗೋಡೆಯಿಂದ ಎಳೆಯುವುದು ಎಷ್ಟು ಅಂತ ಮಾತ್ರ ಲೆಕ್ಕ. ಇಲ್ಲಿ ಮಾತ್ರ ಭೂಪ ಅವರ ವ್ಯಾಟ್ ಮೀಟರ್ ಹೇಳಿದ್ದೇ ವೇದವಾಕ್ಯ.

ಯುಪಿಎಸ್ ವಿಷಯಕ್ಕೆ ಬೇರೆ ಥ್ರೆಡ್ ತೆರೆಯಿರಿ, ಇಲ್ಲಿ ಶುರುವಾದರೆ ಮುಗಿಯುವುದಿಲ್ಲ.

ಬೂಟಾಗದ_ಭೂಪ
ಎಲ್ಲರಿಗೂ ಥ್ಯಾಂಕ್ಸ್. ಎಟಿಎಕ್ಸ್ 3.1 ಇರುವ 850 ಒಂದನ್ನು ಆರಿಸಿದ್ದೇನೆ, ಲೋಡ್ ಟೆಸ್ಟ್ ವಿಮರ್ಶೆ ಓದಿಯೇ. 750 ಸಾಕಿತ್ತು ಅಂತ ಗೊತ್ತು, ಮುಂದಿನ ಕಾರ್ಡ್ ಯಾವುದೋ ಏನೋ ಅಂತ.

ಕೊನೆಯ ಪ್ರಶ್ನೆ. ಹಳೆಯ 650ನ್ನು ತಮ್ಮನ ಪಿಸಿಗೆ ಹಾಕಬಹುದಾ? ಅವನದು ಆರ್‌ಟಿಎಕ್ಸ್ 3060.

ಶಾರ್ಟ್_ಸರ್ಕ್ಯೂಟ್
ನಾನು ಎರಡನೇ ಪೋಸ್ಟ್‌ನಲ್ಲೇ 850 ಅಂದಿದ್ದೆ. ಯಾರೂ ಕೇಳಲಿಲ್ಲ.

ಕೇಬಲ್_ಕಮಲಿ
3060 ಅಂದರೆ 170 ವ್ಯಾಟ್, ಧಾರಾಳವಾಗಿ ಹಾಕಿ. ಧೂಳು ಊದಿ, ಫ್ಯಾನ್ ಸರಿಯಾಗಿ ತಿರುಗುತ್ತದಾ ನೋಡಿಕೊಳ್ಳಿ. ಪಿಎಸ್‌ಯು ಜೊತೆಗೆ ಅದರದ್ದೇ ಕೇಬಲ್‌ಗಳನ್ನೂ ಕೊಡಿ. ತಮ್ಮನ ಹಳೆ ಕೇಬಲ್ ಅಲ್ಲೇ ಇದೆ ಅಂತ ಅದಕ್ಕೇ ಸಿಕ್ಕಿಸಬೇಡಿ.